ಹೆಬ್ಬೆಯ ತಪ್ಪಲಿನ ಶಾಲೆಗೆ ಯಾರು ಬರುತ್ತಾರೆ? ಬಿ.ಇಡಿ ಇಂಟರ್ನ್‌ಶಿಪ್‌ನ ಒಳಹೊರಗು

ಹೆಬ್ಬೆ ಎಂದರೆ ನಗರದ ಓದುಗರಿಗೆ ಮೊದಲು ನೆನಪಾಗುವುದು ಜಲಪಾತ. ಕೆಮ್ಮಣ್ಣುಗುಂಡಿಯಿಂದ ಜೀಪಿನಲ್ಲಿ ಕುಲುಕುತ್ತ ಇಳಿದು, ಕಾಲಿಗೆ ಹತ್ತಿದ ಜಿಗಣೆಗಳನ್ನು ಕೊಡವಿಕೊಳ್ಳುತ್ತ ನಡೆದು, ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತಗಳಲ್ಲಿ ಧುಮುಕುವ ನೀರಿನ ಮುಂದೆ ನಿಂತು ಬಂದವರು ಅಸಂಖ್ಯ. ಆದರೆ ತರೀಕೆರೆಯಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿ ಹಾಯ್ದು ಬೆಟ್ಟ ಹತ್ತುವಾಗ ದಾರಿಯ ಊರುಗಳಲ್ಲಿ ಕಾಣುವ ಸರ್ಕಾರಿ ಶಾಲೆಗಳತ್ತ ಕಣ್ಣು ಹಾಯಿಸಿದವರು ಕಡಿಮೆ. ಪ್ರವಾಸಿಗರ ಮಾತಿರಲಿ, ನಾಳೆ ಇಂತಹ ಶಾಲೆಗಳಲ್ಲಿಯೇ ಪಾಠ ಹೇಳಬೇಕಾದ ಬಿ.ಇಡಿ ವಿದ್ಯಾರ್ಥಿಗಳು ಕೂಡ ತಮ್ಮ ತರಬೇತಿಯ ಅವಧಿಯಲ್ಲಿ ಇತ್ತ ಬರುವುದು ಅಪರೂಪ. ಏಕೆ ಹೀಗೆ ಎಂಬುದನ್ನು ಅರಿಯಬೇಕಾದರೆ ‘ಶಾಲಾ ಇಂಟರ್ನ್‌ಶಿಪ್’ ಎಂಬ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಕೆಲವು ವರ್ಷಗಳ ಹಿಂದಿನವರೆಗೆ ಬಿ.ಇಡಿ ಒಂದು ವರ್ಷದ ಶಿಕ್ಷಣವಾಗಿತ್ತು. ನಿಗದಿತ ಸಂಖ್ಯೆಯ ಪಾಠಗಳನ್ನು ಹೇಳಿ, ಪ್ರತಿಯೊಂದಕ್ಕೂ ಪಾಠಯೋಜನೆ ಬರೆದು, ಮೇಲ್ವಿಚಾರಕರ ಸಹಿ ಪಡೆದರೆ ಬೋಧನಾಭ್ಯಾಸ ಮುಗಿಯುತ್ತಿತ್ತು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗವು 2012ರಲ್ಲಿ ಸಲ್ಲಿಸಿದ ವರದಿ ಶಿಕ್ಷಕ ಶಿಕ್ಷಣ ಸಂಸ್ಥೆಗಳ ದುಃಸ್ಥಿತಿಯನ್ನು ಬಯಲಿಗೆಳೆಯಿತು. ಅದರ ಬೆನ್ನಲ್ಲಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು (ಎನ್‌ಸಿಟಿಇ) 2014ರಲ್ಲಿ ಹೊಸ ನಿಯಮಾವಳಿಯನ್ನು ಹೊರಡಿಸಿತು. 2015ರ ಶೈಕ್ಷಣಿಕ ವರ್ಷದಿಂದ ಬಿ.ಇಡಿ ಎರಡು ವರ್ಷದ್ದಾಯಿತು. ಶಾಲೆಯಲ್ಲಿ ಕಳೆಯಬೇಕಾದ ಅವಧಿ ಒಟ್ಟು 20 ವಾರಗಳಿಗೆ ಏರಿತು: ಮೊದಲ ವರ್ಷ ಶಾಲೆಯ ಪರಿಚಯಕ್ಕೆ ನಾಲ್ಕು ವಾರ, ಎರಡನೆಯ ವರ್ಷ ಪೂರ್ಣ ಪ್ರಮಾಣದ ಇಂಟರ್ನ್‌ಶಿಪ್‌ಗೆ 16 ವಾರ.

ಚಿಕ್ಕಮಗಳೂರು ಮತ್ತು ಶಿವಮೊಗ್ಗ ಜಿಲ್ಲೆಗಳ ಬಿ.ಇಡಿ ಕಾಲೇಜುಗಳು 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರುತ್ತವೆ. ವಿಶ್ವವಿದ್ಯಾಲಯದ ಆವರಣವಿರುವ ಶಂಕರಘಟ್ಟಕ್ಕೂ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಗೂ ಕೂಗಳತೆಯ ದೂರ. ಅಂದರೆ, ಶಿಕ್ಷಕರನ್ನು ರೂಪಿಸುವ ವಿಶ್ವವಿದ್ಯಾಲಯವೂ, ಶಿಕ್ಷಕರಿಗಾಗಿ ಕಾಯುವ ಕಾಡಂಚಿನ ಶಾಲೆಗಳೂ ಅಕ್ಕಪಕ್ಕದಲ್ಲಿಯೇ ಇವೆ.

ಅರ್ಜಿ ಯಾರಿಗೆ?

ಇಂಟರ್ನ್‌ಶಿಪ್‌ಗೆ ನೌಕರಿಗೆ ಹಾಕುವಂತೆ ನೇರವಾಗಿ ಅರ್ಜಿ ಹಾಕಬೇಕು ಎಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಇದು ಮೂರು ಬಾಗಿಲುಗಳ ಮನೆ. ಕಾಲೇಜು ಮೊದಲು ವಿದ್ಯಾರ್ಥಿಗಳಿಂದ ಅವರ ಬೋಧನಾ ವಿಷಯ, ಮಾಧ್ಯಮ ಮತ್ತು ಬಯಸುವ ಶಾಲೆಗಳ ವಿವರ ಪಡೆಯುತ್ತದೆ. ಆ ಪಟ್ಟಿ ಸಾಮಾನ್ಯವಾಗಿ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ಇಲ್ಲವೇ ಕ್ಷೇತ್ರ ಶಿಕ್ಷಣಾಧಿಕಾರಿಗೆ ಹೋಗುತ್ತದೆ. ಅಲ್ಲಿಂದ ಅನುಮತಿ ಪತ್ರ ಬಂದ ಬಳಿಕ ಮುಖ್ಯ ಶಿಕ್ಷಕರ ಒಪ್ಪಿಗೆ. ಈ ಮೂರರಲ್ಲಿ ಕೊನೆಯದೇ ನಿಜವಾದ ಬಾಗಿಲು. ಮೇಲಿನಿಂದ ಪತ್ರ ಬಂದಿದೆ ಎಂಬ ಕಾರಣಕ್ಕೆ ಒಪ್ಪಿಕೊಂಡ ಮುಖ್ಯ ಶಿಕ್ಷಕರಿಗೂ, ಮನಸಾರೆ ಬರಮಾಡಿಕೊಂಡವರಿಗೂ ಇರುವ ವ್ಯತ್ಯಾಸ ಮುಂದಿನ 16 ವಾರಗಳಲ್ಲಿ ದಿನವೂ ತಿಳಿಯುತ್ತದೆ. ಆದ್ದರಿಂದ ಪಟ್ಟಿ ಅಂತಿಮವಾಗುವ ಮುನ್ನ ಒಮ್ಮೆ ಶಾಲೆಗೆ ಹೋಗಿ ಕಂಡು ಬರುವುದು ಒಳ್ಳೆಯದು.

ಕಡೂರು ಭಾಗದವರು ಒಂದು ಸಣ್ಣ ಸಂಗತಿಯನ್ನು ಗಮನಿಸಬೇಕು. ಕಂದಾಯ ಇಲಾಖೆಯ ತಾಲ್ಲೂಕು ಮತ್ತು ಶಿಕ್ಷಣ ಇಲಾಖೆಯ ವಲಯ ಎರಡೂ ಒಂದೇ ಅಲ್ಲ. ಕಡೂರು ತಾಲ್ಲೂಕಿನ ಶಾಲೆಗಳು ಕಡೂರು ಮತ್ತು ಬೀರೂರು ಎಂಬ ಎರಡು ಶೈಕ್ಷಣಿಕ ವಲಯಗಳಲ್ಲಿ ಹಂಚಿಹೋಗಿವೆ. ಅಜ್ಜಂಪುರ ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ. ಶಾಲೆ ಯಾವ ಕ್ಷೇತ್ರ ಶಿಕ್ಷಣಾಧಿಕಾರಿಯ ವ್ಯಾಪ್ತಿಯಲ್ಲಿದೆ ಎಂದು ಮೊದಲೇ ವಿಚಾರಿಸದಿದ್ದರೆ ಪತ್ರ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಅಲೆಯುವುದರಲ್ಲಿ ಎರಡು ವಾರ ಕಳೆದುಹೋಗುತ್ತದೆ.

ಒಂದು ಶಾಲೆಗೆ ಎಷ್ಟು ಮಂದಿಯನ್ನು ಕಳುಹಿಸಬಹುದು ಎಂಬುದಕ್ಕೂ ನಿಯಮವಿದೆ. ಸಾವಿರದವರೆಗೆ ಮಕ್ಕಳಿರುವ ಶಾಲೆಗೆ ಹತ್ತಕ್ಕಿಂತ ಹೆಚ್ಚು ಪ್ರಶಿಕ್ಷಣಾರ್ಥಿಗಳನ್ನು, ಎರಡು ಸಾವಿರದವರೆಗೆ ಮಕ್ಕಳಿದ್ದರೆ ಇಪ್ಪತ್ತಕ್ಕಿಂತ ಹೆಚ್ಚು ಮಂದಿಯನ್ನು ಕಳುಹಿಸುವಂತಿಲ್ಲ. ಬಿ.ಇಡಿಯ ಒಂದು ಘಟಕ ಎಂದರೆ 50 ವಿದ್ಯಾರ್ಥಿಗಳು. ಹಾಗಾಗಿ ಐದು ಶಾಲೆ ಸಿಕ್ಕರೆ ಕಾಲೇಜಿನ ಲೆಕ್ಕ ಮುಗಿಯಿತು. ಆದರೆ ಶಾಲೆಯ ಲೆಕ್ಕ ಬೇರೆ. ಎಂಟು, ಒಂಬತ್ತು, ಹತ್ತನೆಯ ತರಗತಿಗೆ ಒಂದೊಂದೇ ವಿಭಾಗವಿರುವ ಪ್ರೌಢಶಾಲೆಯನ್ನು ಊಹಿಸಿಕೊಳ್ಳಿ. ದಿನಕ್ಕೆ ಏಳು ಅವಧಿಯಂತೆ ಒಟ್ಟು 21 ಅವಧಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ಭಯದಿಂದ ಹತ್ತನೆಯ ತರಗತಿಯನ್ನು ಹೊಸಬರ ಕೈಗೆ ಕೊಡಲು ಮುಖ್ಯ ಶಿಕ್ಷಕರು ಹಿಂಜರಿಯುತ್ತಾರೆ, ಅದು ಸಹಜವೂ ಹೌದು. ಉಳಿದದ್ದು 14. ಹತ್ತು ಮಂದಿ ಬಂದರೆ ಒಬ್ಬೊಬ್ಬರಿಗೆ ದಿನಕ್ಕೆ ಒಂದೂವರೆ ಅವಧಿಯೂ ಇಲ್ಲ. ಕಾಯಂ ಶಿಕ್ಷಕರು ಅಷ್ಟೂ ದಿನ ಕೊಠಡಿಯ ಹೊರಗೆ. ಸಣ್ಣ ಶಾಲೆಗೆ ಇಬ್ಬರು, ಹೆಚ್ಚೆಂದರೆ ಮೂವರು ಸಾಕು. ಆದರೆ ಇಬ್ಬಿಬ್ಬರಂತೆ ಹಂಚಿದರೆ 50 ಮಂದಿಗೆ 25 ಶಾಲೆ ಬೇಕು. ಅಷ್ಟೂ ಶಾಲೆಗಳಿಗೆ ಕಾಲೇಜಿನ ಅಧ್ಯಾಪಕರು ವಾರಕ್ಕೊಮ್ಮೆಯಾದರೂ ಹೋಗಿ ಪಾಠ ನೋಡಬೇಕು. ಕಾಲೇಜುಗಳು ಪೇಟೆಯ ದೊಡ್ಡ ಶಾಲೆಗಳಿಗೇ ಜೋತು ಬೀಳುವುದು ಇದೇ ಕಾರಣಕ್ಕೆ. ಇದರಲ್ಲಿ ಸೋಮಾರಿತನವೂ ಇರಬಹುದು, ಆದರೆ ಹೆಚ್ಚಿನ ಪಾಲು ಅಧ್ಯಾಪಕರ ಸಂಖ್ಯೆ ಮತ್ತು ಬಸ್ಸಿನ ವೇಳೆಯದು.

ಇದರ ಫಲವೇನು? ತರಬೇತಿ ನಡೆಯುವ ಶಾಲೆ ಒಂದು ಬಗೆಯದು, ನೌಕರಿ ಸಿಗುವ ಶಾಲೆ ಇನ್ನೊಂದು ಬಗೆಯದು. ರಾಜ್ಯದ ಶಿಕ್ಷಕರ ವರ್ಗಾವಣೆ ಕಾಯ್ದೆ ಶಾಲೆಗಳನ್ನು ಎ, ಬಿ, ಸಿ ಎಂದು ವಲಯಗಳಾಗಿ ವಿಂಗಡಿಸುತ್ತದೆ. ಪೇಟೆಯಿಂದ ದೂರವಿರುವ ಹಳ್ಳಿಗಳು ಸಿ ವಲಯಕ್ಕೆ ಸೇರುತ್ತವೆ. ಹೊಸದಾಗಿ ನೇಮಕಗೊಂಡವರಿಗೆ ಸಾಮಾನ್ಯವಾಗಿ ಮೊದಲು ದಕ್ಕುವುದು ಅದೇ. ನಾಲ್ಕು ವಿಭಾಗಗಳಿರುವ, ಪ್ರಯೋಗಾಲಯವಿರುವ ಪೇಟೆಯ ಶಾಲೆಯಲ್ಲಿ ಪಳಗಿದ ಯುವಕನೊಬ್ಬ ಕಾಡಂಚಿನ ಶಾಲೆಗೆ ಬಂದು, ಒಂದೇ ಕೊಠಡಿಯಲ್ಲಿ ಎರಡು ತರಗತಿ ನಡೆಸಬೇಕಾದಾಗ ಕಂಗೆಡುತ್ತಾನೆ. ಮನೆಯಲ್ಲಿ ಲಂಬಾಣಿ ಮಾತನಾಡುವ ಮಗು ಕನ್ನಡದ ಪ್ರಶ್ನೆಗೆ ಸುಮ್ಮನೆ ಕುಳಿತರೆ ಅದನ್ನು ದಡ್ಡತನವೆಂದು ಬಗೆಯುವ ಅಪಾಯವೂ ಇದೆ. ಕಡೂರು, ತರೀಕೆರೆ ಭಾಗದ ತಾಂಡಾಗಳ ಮಕ್ಕಳಿಗೆ ಇಂಥ ಶಿಕ್ಷಕರು ಹೊಸಬರಲ್ಲ.

ಆದರವೂ ಒಂದು ಎಚ್ಚರಿಕೆ

ಹಾಗೆಂದು ಹಳ್ಳಿಯ ಶಾಲೆಯನ್ನು ಆರಿಸಿಕೊಂಡ ಕೂಡಲೇ ಎಲ್ಲವೂ ಸರಿಹೋಗುವುದಿಲ್ಲ. ಇಂಟರ್ನ್‌ಶಿಪ್‌ಗೆ ಹೊರಟವರು ಕೇಳಬೇಕಾದ ಮೊದಲ ಪ್ರಶ್ನೆ ಇದು: ನನ್ನ ವಿಷಯದ ಶಿಕ್ಷಕರು ಆ ಶಾಲೆಯಲ್ಲಿ ಇದ್ದಾರೆಯೇ? ಪ್ರಶಿಕ್ಷಣಾರ್ಥಿಯನ್ನು ಅತ್ಯಂತ ಆದರದಿಂದ ಸ್ವಾಗತಿಸುವ ಶಾಲೆ ಎಷ್ಟೋ ವೇಳೆ ಆ ವಿಷಯದ ಹುದ್ದೆ ಖಾಲಿಯಿರುವ ಶಾಲೆ. ಗಣಿತದ ಶಿಕ್ಷಕರಿಲ್ಲದ ಕಡೆಗೆ ಗಣಿತದ ಪ್ರಶಿಕ್ಷಣಾರ್ಥಿ ಬಂದರೆ ಮರುದಿನವೇ ಇಡೀ ವೇಳಾಪಟ್ಟಿ ಅವರ ಹೆಗಲೇರುತ್ತದೆ. ಅತಿಥಿ ಶಿಕ್ಷಕರಿಗಾದರೆ ಗೌರವಧನವಿದೆ, ಇವರಿಗೆ ಅದೂ ಇಲ್ಲ. ಮಕ್ಕಳಿಗೆ ನಾಲ್ಕು ತಿಂಗಳು ಪಾಠ ಸಿಕ್ಕಿತು ಎಂಬ ಸಮಾಧಾನವೇನೋ ಇದೆ. ಆದರೆ ತಪ್ಪಾದಾಗ ತಿದ್ದುವವರು, ಬೋರ್ಡಿನ ಮೇಲೆ ಬರೆದ ಹಂತ ಮಕ್ಕಳಿಗೆ ಏಕೆ ಹತ್ತಲಿಲ್ಲವೆಂದು ಹೇಳುವವರು ಯಾರೂ ಇರುವುದಿಲ್ಲ. ಕಲಿಯಲು ಬಂದವರು ಕಲಿಯದೆ, ಕಲಿಸಿ ಮಾತ್ರ ಹೋಗುತ್ತಾರೆ. ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ನೋಡುವ ಒಬ್ಬ ಅನುಭವಿ ಶಿಕ್ಷಕ ಅಥವಾ ಶಿಕ್ಷಕಿ ಇರುವ ಶಾಲೆ, ಅದು ಎಷ್ಟೇ ಚಿಕ್ಕದಾಗಿರಲಿ, ಉತ್ತಮ ಎಂಬುದು ಈ ಲೇಖಕನ ಅಭಿಪ್ರಾಯ.

ಎರಡನೆಯ ಪ್ರಶ್ನೆ ಪ್ರಯಾಣದ್ದು. ನಗರದ ಓದುಗರಿಗೆ ಇದು ಕ್ಷುಲ್ಲಕವೆನಿಸಬಹುದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ದೊರಕಿ, ದೂರದ ಶಾಲೆಗಳನ್ನೂ ಆರಿಸಿಕೊಳ್ಳುವ ಅವಕಾಶ ಹೆಣ್ಣುಮಕ್ಕಳಿಗೆ ತೆರೆಯಿತು. ಆದರೆ ಖಾಸಗಿ ಬಸ್ಸುಗಳೇ ಆಧಾರವಾದ ಮಲೆನಾಡಿನ ಒಳದಾರಿಗಳಲ್ಲಿ ಆ ಸೌಲಭ್ಯವಿಲ್ಲ. ಬೆಳಗಿನ ಪ್ರಾರ್ಥನೆಗೆ ಮುಂಚೆ ತಲುಪಿಸುವ ಬಸ್ಸು, ಸಂಜೆ ಕತ್ತಲಾಗುವ ಮುನ್ನ ಮರಳಿ ಕರೆತರುವ ಬಸ್ಸು ಎರಡೂ ಇವೆಯೇ ಎಂದು ನೋಡಿಕೊಂಡೇ ಶಾಲೆಯ ಹೆಸರು ಬರೆದುಕೊಡಬೇಕು. ಶನಿವಾರದ ಬೆಳಗಿನ ತರಗತಿಗೆ ಅದೇ ಬಸ್ಸು ಒದಗದು ಎಂಬುದು ಹಲವರಿಗೆ ಮೊದಲ ವಾರದಲ್ಲಿಯೇ ಅರಿವಾಗುವ ಸತ್ಯ.

ಮಳೆ ಮತ್ತು ಹಾಜರಿ

ಇತರ ತರಗತಿಗಳಿಗೆ ಶೇ 80ರಷ್ಟು ಹಾಜರಿ ಸಾಕಾದರೆ ಇಂಟರ್ನ್‌ಶಿಪ್‌ಗೆ ಶೇ 90ರಷ್ಟು ಬೇಕು. ವಾರಕ್ಕೆ ಆರು ದಿನದಂತೆ 16 ವಾರಗಳಿಗೆ 96 ದಿನ. ಅದರಲ್ಲಿ ತಪ್ಪಿಸಿಕೊಳ್ಳಬಹುದಾದದ್ದು ಒಂಬತ್ತೇ ದಿನ, ಹಬ್ಬದ ರಜೆಗಳನ್ನು ಕಳೆದರೆ ಇನ್ನೂ ಕಡಿಮೆ. ಕಡೂರಿನ ಬಯಲಿನಲ್ಲಿ ಇದು ಕಷ್ಟವಲ್ಲ. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಬೆಟ್ಟದ ಸಾಲಿನಲ್ಲಿ ಮಳೆ ಹಿಡಿದರೆ ಜಿಲ್ಲಾಡಳಿತವೇ ತಾಲ್ಲೂಕುವಾರು ಶಾಲೆಗಳಿಗೆ ರಜೆ ಸಾರುತ್ತದೆ. ಒಂದೇ ಕಾಲೇಜಿನ ಇಬ್ಬರಲ್ಲಿ ಬಯಲಿನ ಶಾಲೆಗೆ ಹೋದವರ ದಿನಗಳು ತುಂಬಿರುತ್ತವೆ, ಮಲೆನಾಡಿಗೆ ಹೋದವರದು ಬಾಕಿ ಉಳಿದಿರುತ್ತದೆ. ಮಳೆಯ ರಜೆಯನ್ನು ಹೇಗೆ ಎಣಿಸಬೇಕು, ಬಾಕಿ ದಿನಗಳನ್ನು ಯಾವಾಗ ತುಂಬಬೇಕು ಎಂಬುದನ್ನು ಕಾಲೇಜಿನಿಂದ ಮೊದಲೇ ಲಿಖಿತವಾಗಿ ತಿಳಿದುಕೊಳ್ಳುವುದು ಕ್ಷೇಮ.

ದಾಖಲೆಗಳ ವಿಚಾರದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಪಾಠಯೋಜನೆಗಳು, ಸಹಪಾಠಿಗಳ ಪಾಠದ ಅವಲೋಕನ, ಘಟಕ ಪರೀಕ್ಷೆಯ ನೀಲನಕ್ಷೆ ಮತ್ತು ವಿಶ್ಲೇಷಣೆ, ಒಂದು ಮಗುವಿನ ಅಧ್ಯಯನ, ದಿನಚರಿ, ಕೊನೆಗೆ ಮುಖ್ಯ ಶಿಕ್ಷಕರ ಮೊಹರು ಬಿದ್ದ ಪ್ರಮಾಣಪತ್ರ: ಹೆಸರುಗಳು ಅಲ್ಪಸ್ವಲ್ಪ ಬದಲಾದರೂ ಎಲ್ಲೆಡೆ ಇರುವುದು ಇವೇ. ಹಿಂದಿನ ವರ್ಷದವರ ಪಾಠಯೋಜನೆಯನ್ನು ನಕಲು ಮಾಡುವ ಪರಿಪಾಠವೂ ಎಲ್ಲೆಡೆ ಇದೆ. ಅದರಿಂದ ಅಂಕ ಬರಬಹುದು. ಆದರೆ ನಕಲು ಮಾಡಿದ ಯೋಜನೆಗೆ ಊರು ಗೊತ್ತಿರುವುದಿಲ್ಲ. ಲಿಂಗದಹಳ್ಳಿಯ ಕಡೆ ಲೋಹಗಳ ಪಾಠ ಮಾಡುವವರು ದೂರದ ಉದಾಹರಣೆಗೆ ಹೋಗಬೇಕಿಲ್ಲ. ಎದುರಿನ ಬೆಟ್ಟದ ಹೆಸರೇ ಕೆಮ್ಮಣ್ಣುಗುಂಡಿ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಆ ಬೆಟ್ಟದಿಂದಲೇ. ಅಂಗಳದ ಕೆಂಪು ಮಣ್ಣನ್ನು ಹಿಡಿಯಷ್ಟು ತಂದು ಮೇಜಿನ ಮೇಲೆ ಸುರಿದು, ಈ ಬಣ್ಣ ಎಲ್ಲಿಂದ ಬಂತು ಎಂದು ಕೇಳಿದರೆ ಪಾಠ ಅರ್ಧ ಮುಗಿದಂತೆ. ಅಜ್ಜಂಪುರದಲ್ಲಾದರೆ ಅಮೃತ ಮಹಲ್ ರಾಸುಗಳಿವೆ, ತಳಿಯ ಪಾಠಕ್ಕೆ ಅದಕ್ಕಿಂತ ಬೇರೆ ಚಿತ್ರಪಟ ಬೇಕೇ?

ಈ ಪದವಿ ಯಾವ ತರಗತಿಗಳ ಬಾಗಿಲು ತೆರೆಯುತ್ತದೆ ಎಂಬುದರ ಬಗ್ಗೆಯೂ ಗೊಂದಲವಿದೆ. ಒಂದರಿಂದ ಐದನೆಯ ತರಗತಿಗೂ ಬಿ.ಇಡಿಯವರು ಅರ್ಹರೆಂದು ಎನ್‌ಸಿಟಿಇ 2018ರಲ್ಲಿ ಹೊರಡಿಸಿದ್ದ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಒಪ್ಪಲಿಲ್ಲ. ಆದ್ದರಿಂದ ಆರರಿಂದ ಮೇಲಿನ ತರಗತಿಗಳೇ ಬಿ.ಇಡಿಯವರ ಕಾರ್ಯಕ್ಷೇತ್ರ. ಇಂಟರ್ನ್‌ಶಿಪ್ ಕೂಡ ಆರರಿಂದ ಎಂಟು ಮತ್ತು ಒಂಬತ್ತರಿಂದ ಮೇಲೆ, ಹೀಗೆ ಎರಡೂ ಹಂತಗಳಲ್ಲಿ ನಡೆಯಬೇಕೆಂಬುದು ನಿಯಮ. ಪ್ರೌಢಶಾಲೆಯ ಪಕ್ಕದಲ್ಲಿಯೇ ಹಿರಿಯ ಪ್ರಾಥಮಿಕ ಶಾಲೆಯಿರುವ ಊರನ್ನು ಹುಡುಕಿಕೊಂಡರೆ ಎರಡಕ್ಕೂ ಒಂದೇ ಬಸ್ಸು ಸಾಕು.

ಇನ್ನು ಸಮಯದ ಲೆಕ್ಕ. ಶಾಲೆಗಳು ಮೇ ಕೊನೆಯಲ್ಲಿ ಬಾಗಿಲು ತೆರೆಯುತ್ತವೆ. ಜೂನ್ ಮೊದಲ ವಾರದಲ್ಲಿ ಹಾಜರಾದವರಿಗೆ 16 ವಾರ ಮುಗಿಯುವುದು ಸೆಪ್ಟೆಂಬರ್ ಕೊನೆಗೆ, ದಸರಾ ರಜೆಗೆ ಮುಂಚಿನ ಸಂಕಲನಾತ್ಮಕ ಮೌಲ್ಯಮಾಪನದ ಹೊತ್ತಿಗೆ. ತಾನು ಹೇಳಿದ ಪಾಠದಿಂದ ಮಕ್ಕಳು ಏನು ಉಳಿಸಿಕೊಂಡರು ಎಂಬುದನ್ನು ಅವರ ಉತ್ತರ ಪತ್ರಿಕೆಯಲ್ಲಿಯೇ ನೋಡುವ ಅವಕಾಶ ಇವರಿಗೆ ಸಿಗುತ್ತದೆ. ಅನುಮತಿ ಪತ್ರ ತಡವಾಗಿ ಜುಲೈನಲ್ಲಿ ಶಾಲೆ ಸೇರಿದವರಿಗೆ ದಸರಾ ರಜೆ ನಡುವೆ ಬರುತ್ತದೆ, ಹಿಡಿದ ಘಟಕ ಅರ್ಧಕ್ಕೆ ನಿಲ್ಲುತ್ತದೆ. ಹೆಬ್ಬೆಯ ಸುತ್ತಿನ ಶಾಲೆಗಳನ್ನು ಆರಿಸಿಕೊಳ್ಳುವವರು ಕಾಲೇಜಿಗೆ ಹೆಸರು ಕೊಡಬೇಕಾದದ್ದು ಏಪ್ರಿಲ್ ಮುಗಿಯುವುದರೊಳಗೆ.