ಸ್ತ್ರೀಯರ ಕಾಲ್ಚೆಂಡಾಟವೂ ಪಾರಿತೋಷಕ ಪಂದ್ಯವೂ

ದಾವಣಗೆರೆಯಲ್ಲಿಯೂ ಹರಿಹರದಲ್ಲಿಯೂ ಬಾಲಿಕೆಯರು ಖೋಖೋ, ಥ್ರೋಬಾಲ್ ಮೊದಲಾದ ಆಟಗಳನ್ನಾಡುವುದನ್ನು ನಾವೆಲ್ಲರೂ ಬಲ್ಲೆವು. ಕಾಲ್ಚೆಂಡಾಟವೆಂದೊಡನೆ ಮಾತ್ರ, "ಅದು ಗಂಡುಹುಡುಗರ ಆಟವಲ್ಲವೆ?" ಎಂದು ಕೇಳುವ ತಾಯಿತಂದೆಗಳು ಈಗಲೂ ಇರುವರು. ಆ ಸಂದೇಹಕ್ಕೆ ಉತ್ತರವಾಗಿ, ಇಟಲಿ ದೇಶದ ಸ್ತ್ರೀಯರ ಪಾರಿತೋಷಕ ಪಂದ್ಯಾಟದ ಸಂಗತಿಯನ್ನೂ, ನಮ್ಮ ಬೆಂಗಳೂರಿನಲ್ಲಿ ನಡೆದ ಅಂತಹುದೇ ಒಂದು ಪಂದ್ಯದ ಸಂಗತಿಯನ್ನೂ ಇಲ್ಲಿ ತಿಳಿಸಬಯಸುತ್ತೇವೆ.

ಪಂದ್ಯಾಟಗಳು ಮುಖ್ಯವಾಗಿ ಎರಡು ಬಗೆಯವು. ಲೀಗ್ ಎಂಬುದರಲ್ಲಿ ಪ್ರತಿಯೊಂದು ತಂಡವೂ ಉಳಿದ ತಂಡಗಳೊಡನೆ ಆಡಿ ಅಂಕಗಳನ್ನು ಕೂಡಿಸಿಕೊಳ್ಳುವುದು. ಇಂದು ಸೋತವರು ನಾಳೆ ಸರಿಮಾಡಿಕೊಳ್ಳಬಹುದು. ನಾಕೌಟ್ ಎಂಬುದರಲ್ಲಿ ಸೋತವರು ಅಲ್ಲಿಗೇ ಹೊರಬೀಳುವರು. ಎಂಟು ತಂಡಗಳು ನಾಲ್ಕಾಗಿ, ನಾಲ್ಕು ಎರಡಾಗಿ, ಕಡೆಗೆ ಒಂದೇ ಉಳಿಯುವುದು. ಅಂತಿಮ ಪಂದ್ಯವು ಸಮವಾಗಿಯೇ ಉಳಿದರೆ ಪೆನಾಲ್ಟಿ ಒದೆತಗಳಿಂದ ತೀರ್ಮಾನವಾಗುವುದು.

ಇಟಲಿಯಲ್ಲಿ 1933ರಲ್ಲಿ ಮಿಲಾನ್ ನಗರದ ಕೆಲವು ಯುವತಿಯರು ಕಾಲ್ಚೆಂಡಿನ ಸಂಘವೊಂದನ್ನು ಕಟ್ಟಿದರು. ಅವರು ಲಂಗವನ್ನುಟ್ಟೇ ಆಡಬೇಕಾಗಿದ್ದಿತು. ಗೋಲು ಕಾಯುವುದಕ್ಕೆ ಹುಡುಗರನ್ನು ನಿಲ್ಲಿಸಬೇಕಾಗಿದ್ದಿತು. ಇಷ್ಟಕ್ಕೆಲ್ಲ ಒಪ್ಪಿದರೂ ಆ ವರ್ಷವೇ ಫ್ಯಾಸಿಸ್ಟ್ ಅಧಿಕಾರಿಗಳು ಅವರ ಆಟವನ್ನು ನಿಲ್ಲಿಸಿಬಿಟ್ಟರು. ಆದರೆ ಆಸೆಯು ನಿಲ್ಲಲಿಲ್ಲ. 1971ರಲ್ಲಿ ಸ್ತ್ರೀಯರ 'ಕೊಪ್ಪಾ ಇಟಾಲಿಯಾ' ಎಂಬ ಪಾರಿತೋಷಕ ಪಂದ್ಯಾಟವು ಆರಂಭವಾಯಿತು. 2022ರ ಜುಲೈ 1ರಿಂದ ಅಲ್ಲಿಯ ಅಗ್ರಶ್ರೇಣಿಯ ಆಟಗಾರ್ತಿಯರಿಗೆ ವೃತ್ತಿಪರರೆಂಬ ಮಾನ್ಯತೆಯೂ ದೊರೆಯಿತು. 2024ರ ಅಂತಿಮ ಪಂದ್ಯದಲ್ಲಿ ರೋಮಾ, ಫಿಯೊರೆಂಟಿನಾ ತಂಡಗಳು ಸಮವಾಗಿ ನಿಲ್ಲಲು, ಪೆನಾಲ್ಟಿ ಒದೆತಗಳಲ್ಲಿ ರೋಮಾ ಜಯಶಾಲಿಯಾಯಿತು.

ಇದು ದೂರದೇಶದ ಮಾತೆಂದು ತಿಳಿಯಬೇಕಾಗಿಲ್ಲ. ನಮ್ಮ ಭಾರತೀಯ ಮಹಿಳಾ ಲೀಗ್ ಹೆಸರಿಗೆ ಲೀಗಾದರೂ, ಮೊದಲ ಕೆಲವು ವರ್ಷಗಳಲ್ಲಿ ಅದರ ಕಡೆಯ ಘಟ್ಟವು ನಾಕೌಟ್ ಆಗಿದ್ದಿತು. 2020ರ ಫೆಬ್ರವರಿ 14ರಂದು ಅದರ ಅಂತಿಮ ಪಂದ್ಯವು ಬೆಂಗಳೂರಿನಲ್ಲಿಯೇ ನಡೆಯಿತು. ಕೇರಳದ ಗೋಕುಲಂ ತಂಡವು ಎರಡು ಗೋಲುಗಳಿಂದ ಮುಂದಿರಲು, ಮಣಿಪುರದ ಕ್ರಿಫ್ಸಾ ತಂಡವು ಎರಡನ್ನೂ ಹಿಂದಿರುಗಿಸಿತು. ಆಟ ಮುಗಿಯುವ ಸಮಯಕ್ಕೆ ನೇಪಾಳದ ಸಬಿತ್ರಾ ಭಂಡಾರಿಯವರು ಗೋಲು ಹೊಡೆದು ಗೋಕುಲಂಗೆ 3–2ರ ಜಯವನ್ನು ತಂದುಕೊಟ್ಟರು. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡವೇ ಅಹಮದಾಬಾದಿನ ಅಂತಿಮ ಪಂದ್ಯದವರೆಗೆ ಏರಿತು. ಅಲ್ಲಿ ಗೋಕುಲಂಗೆ 5–0ರಿಂದ ಸೋತಿತು. ಸೋಲು ದೊಡ್ಡದೇ ಸರಿ. ಆದರೆ ಕರ್ನಾಟಕದ ತಂಡವೊಂದು ಅಷ್ಟು ದೂರ ಹೋದುದು ಸಣ್ಣ ಮಾತಲ್ಲ.

ಮಿಲಾನಿನ ಯುವತಿಯರು ಮೈದಾನದಲ್ಲಿ ಸೋತು ಹೊರಬಿದ್ದವರಲ್ಲ. ಆಡುವುದಕ್ಕೇ ಅವಕಾಶವಿಲ್ಲದೆ ಹೊರಬಿದ್ದವರು. ಹುಡುಗಿಯು ಹದಿಮೂರು ಹದಿನಾಲ್ಕು ವರ್ಷದವಳಾದೊಡನೆ "ಇನ್ನು ಆಟ ಸಾಕು" ಎಂದು ಮನೆಯಲ್ಲಿ ಹೇಳಿದರೆ, ಅದೂ ಅಂತಹುದೇ ಆಜ್ಞೆಯಲ್ಲವೆ? ಪಾರಿತೋಷಕವನ್ನು ಎಲ್ಲರೂ ಗೆಲ್ಲಲಾರರು. ಸೋತ ಸಂಜೆ ಅತ್ತು, ಮರುದಿನ ಮತ್ತೆ ಮೈದಾನಕ್ಕಿಳಿಯುವ ಧೈರ್ಯವನ್ನು ಮಾತ್ರ ಎಲ್ಲರೂ ಗಳಿಸಬಹುದು. ಆದುದರಿಂದ ತಾಯಿತಂದೆಗಳು ದಿನಕ್ಕೊಂದು ಗಂಟೆಯ ಆಟವನ್ನು ಅನುಮತಿಸಬೇಕೆಂದೂ, ಹಳೆಯ ವಿದ್ಯಾರ್ಥಿನಿಯರು ತಂತಮ್ಮ ಊರುಗಳಲ್ಲಿ ಬಾಲಿಕೆಯರಿಗೊಂದು ಮೈದಾನವನ್ನು ದೊರಕಿಸಿಕೊಡಬೇಕೆಂದೂ ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇವೆ.