ಹೊಳೆ ದಾಟದ ದಾರಿಗಳು

ಕರಾವಳಿಯ ರಸ್ತೆ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಮರವಂತೆ. ಒಂದು ಪಕ್ಕದಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಪಕ್ಕದಲ್ಲಿ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಕ್ಯಾಲೆಂಡರುಗಳಲ್ಲಿ ಈ ದೃಶ್ಯ ಎಷ್ಟು ಸಲ ಬಂದಿದೆಯೆಂದರೆ ಅತ್ತ ಕಡೆ ಹೋಗದವರಿಗೂ ಅದು ಕಂಡ ಊರೇ. ಆದರೆ ಸೈಕಲ್ ತುಳಿಯುತ್ತ ಬರುವವರಿಗೆ ಇದರಷ್ಟು ನಿರಾಸೆ ಮಾಡುವ ಜಾಗ ಇನ್ನೊಂದಿಲ್ಲ. ಅದು ರಾಷ್ಟ್ರೀಯ ಹೆದ್ದಾರಿ 66, ಹಿಂದೆ 17 ಎಂಬ ಸಂಖ್ಯೆ ಇದ್ದದ್ದು. ಮೀನಿನ ಲಾರಿ, ಗ್ಯಾಸ್ ಟ್ಯಾಂಕರು, ದೂರದೂರಿನ ಬಸ್ಸು ಎಲ್ಲವೂ ಅಲ್ಲಿಂದಲೇ ಹೋಗಬೇಕು. ಹಿಂದಿನಿಂದ ಬರುವ ಹಾರನ್ನಿಗೆ ಕಿವಿ ಕೊಡುವುದೋ, ಕಡಲಿಗೆ ಕಣ್ಣು ಕೊಡುವುದೋ?

ಇದೇ ಹೆದ್ದಾರಿಯಿಂದ ಪಡುವಣಕ್ಕೆ ಮೂರು ನಾಲ್ಕು ಕಿಲೋಮೀಟರು ಸರಿದರೆ ಬೇರೆಯೇ ದಾರಿಗಳಿವೆ. ಒಂದು ಕಾರು ಬಂದರೆ ಎದುರಿನ ಸ್ಕೂಟರು ಬದಿಗಿಳಿಯಬೇಕಾದಷ್ಟು ಕಿರಿದು. ಇಕ್ಕೆಲದಲ್ಲಿ ತೆಂಗು, ಗಾಳಿ ಮರ, ಅಂಗಳದಲ್ಲಿ ಒಣಗಲು ಹರವಿದ ಮೀನು. ಇಲ್ಲಿ ಸೈಕಲ್ಲು ಹೊಸತಲ್ಲ. ಕ್ಯಾರಿಯರಿಗೆ ಬುಟ್ಟಿ ಕಟ್ಟಿ, ರಬ್ಬರ್ ಹಾರನ್ ಒತ್ತುತ್ತ ಮನೆಮನೆಗೆ ಬಂಗುಡೆ, ಬೂತಾಯಿ ತಲುಪಿಸಿದ್ದು ಈ ದಾರಿಗಳಲ್ಲೇ. ಮೋಜಿಗಾಗಿ ಸೈಕಲ್ ತುಳಿಯುವವರು ಮಾತ್ರ ಹೊಸಬರು.

ಹೆದ್ದಾರಿಗೆ ಇಷ್ಟು ಹತ್ತಿರವಿದ್ದೂ ಈ ದಾರಿಗಳು ನಿಶ್ಶಬ್ದವಾಗಿ ಉಳಿದದ್ದು ಹೇಗೆ? ಉತ್ತರ ಹೊಳೆಗಳಲ್ಲಿದೆ. ಸಹ್ಯಾದ್ರಿಯಲ್ಲಿ ಹುಟ್ಟಿ ಪಶ್ಚಿಮಕ್ಕೆ ಇಳಿಯುವ ನಮ್ಮ ಹೊಳೆಗಳು ಗಿಡ್ಡ, ಆದರೆ ಮಳೆಗಾಲದಲ್ಲಿ ರಭಸದವು. ಅವು ತಂದು ಸುರಿಯುವ ಹೊಯ್ಗೆಯನ್ನು ಕಡಲಿನ ಅಲೆಗಳು ದಡದುದ್ದಕ್ಕೂ ಎಳೆದಾಡಿ ಹೊಳೆಯ ಬಾಯಿಗೆ ಅಡ್ಡಲಾಗಿ ನಾಲಿಗೆಯಂತೆ ಚಾಚಿಡುತ್ತವೆ. ಆಗ ಹೊಳೆ ನೇರವಾಗಿ ಸಮುದ್ರಕ್ಕೆ ಸೇರಲಾರದೆ ಬದಿಗೆ ತಿರುಗಿ, ದಡಕ್ಕೆ ಸಮಾನಾಂತರವಾಗಿ ಕೆಲವು ಮೈಲಿ ಹರಿದು, ಎಲ್ಲೋ ಒಂದು ಕಡೆ ಅಳಿವೆ ಬಿಡಿಸಿಕೊಳ್ಳುತ್ತದೆ. ಮರವಂತೆಯಲ್ಲಿ ಸಮುದ್ರದ ಬಾಗಿಲ ತನಕ ಬಂದ ಸೌಪರ್ಣಿಕಾ ಮತ್ತೆ ತೆಂಕಿಗೆ ತಿರುಗಿ ಗಂಗೊಳ್ಳಿಯಲ್ಲಿ ಕಡಲು ಸೇರುವುದು ಇದೇ ಲೆಕ್ಕದಲ್ಲಿ. ಹೊಳೆಗೂ ಕಡಲಿಗೂ ನಡುವೆ ಉಳಿಯುವ ಹೊಯ್ಗೆಯ ಪಟ್ಟಿಗೆ ಕರಾವಳಿಯಲ್ಲಿ ಬೆಂಗ್ರೆ ಎನ್ನುತ್ತಾರೆ. ನಮ್ಮ ದಾರಿಗಳು ಇರುವುದು ಈ ಬೆಂಗ್ರೆಗಳ ಮೇಲೆ. ಅವುಗಳ ತುದಿಯಲ್ಲಿ ಅಳಿವೆ, ಅಲ್ಲಿಗೆ ರಸ್ತೆ ಮುಗಿಯಿತು. ಮುಂದೆ ಎಲ್ಲಿಗೂ ಹೋಗದ ರಸ್ತೆಗೆ ಲಾರಿ ಯಾಕೆ ಬಂದೀತು?

ಹಿಂದೆ ಇಡೀ ಕರಾವಳಿಯೇ ಹೀಗಿತ್ತು. 1801ರಲ್ಲಿ ಮಂಗಳೂರಿನಿಂದ ಬಡಗಿಗೆ ಹೊರಟ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಕಥನದಲ್ಲಿ ಹೊಳೆ ದಾಟುವ ಮಾತು ಮತ್ತೆ ಮತ್ತೆ ಬರುತ್ತದೆ. ಬಸ್ಸು ಬಂದ ಮೇಲೂ ಪಾಡು ಬದಲಾಗಲಿಲ್ಲ. ಹೊಳೆ ಬಂದಲ್ಲಿ ಇಳಿಯಬೇಕು, ಗಂಟುಮೂಟೆಯೊಂದಿಗೆ ದೋಣಿ ಹತ್ತಬೇಕು, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯಬೇಕು. ಅದಕ್ಕೇ ಕಡವಿನ ಬಳಿ ಚಹಾದ ಅಂಗಡಿ, ಪೇಟೆ, ಜಗಳ ಎಲ್ಲ ಬೆಳೆದವು. ಕಳೆದ ಶತಮಾನದ ನಡುವಿನಿಂದ ಒಂದೊಂದೇ ಸೇತುವೆ ಬಂತು. ಸೇತುವೆ ಕಟ್ಟುವವರಿಗೆ ಗಟ್ಟಿ ದಡ ಬೇಕು, ಅಳಿವೆಯ ಹೊಯ್ಗೆ ಅಲ್ಲ. ಹಾಗಾಗಿ ಅವು ಹೆಚ್ಚಾಗಿ ಒಳನಾಡಿನ ಕಡೆಗೆ ಎದ್ದವು, ಹೆದ್ದಾರಿಯೂ ಅತ್ತ ಸರಿಯಿತು. ಅಳಿವೆಯ ಊರುಗಳು ಹಾದಿಯ ಅಂಚಿಗೆ ಬಿದ್ದವು.

ಉಡುಪಿಯ ತೆಂಕಿಗಿರುವ ಕಾಪುವಿನಿಂದ ಶುರು ಮಾಡಬಹುದು. 1901ರ ದೀಪಸ್ತಂಭದ ಬುಡದಿಂದ ಹೊರಟು ಕಡಲಂಚಿನ ಊರುಗಳನ್ನು ಹಾದು ಮಟ್ಟುವಿಗೆ ಬಂದರೆ ರಸ್ತೆಯ ಪಕ್ಕದಲ್ಲೇ ಗುಳ್ಳದ ಗದ್ದೆಗಳು. ಗುಂಡಗೆ, ಹಸಿರು ಮಿಶ್ರಿತ ಬಿಳಿ ಗೆರೆಗಳ ಈ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಬೀಜ ಕೊಟ್ಟವರು ವಾದಿರಾಜರು ಎಂಬುದು ಊರಿನ ನಂಬಿಕೆ. ಮಟ್ಟುವಿನಿಂದ ಮಲ್ಪೆಯ ತನಕ ಪಡುಕೆರೆಯ ಹಾದಿ. ಎಡಕ್ಕೆ ಕಡಲು, ಬಲಕ್ಕೆ ಉದ್ಯಾವರ ಹೊಳೆ, ಕೆಲವು ಕಡೆ ಎರಡರ ನಡುವೆ ರಸ್ತೆಯನ್ನು ಬಿಟ್ಟರೆ ಒಂದು ಸಾಲು ಮನೆ ಅಷ್ಟೇ. ಮರವಂತೆಯ ಚಿತ್ರವೇ ಇದು, ಹೆದ್ದಾರಿಯನ್ನು ತೆಗೆದು ಹಾಕಿದ್ದು. ಮನೆಯ ಹಿತ್ತಿಲಲ್ಲಿ ಹೊಳೆಯ ದೋಣಿ, ಅಂಗಳದ ಮುಂದೆ ಕಡಲ ದೋಣಿ. ಇಂಥ ಕಡೆ ಗಂಟೆಗೆ ಹತ್ತು ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಹೋಗುವುದು ದಂಡ ಎಂದು ನನ್ನ ಅಭಿಪ್ರಾಯ.

ಪಡುಕೆರೆಯವರು ಮೊದಲು ಎದುರಿಗೇ ಕಾಣುವ ಮಲ್ಪೆ ಬಂದರಿಗೆ ದೋಣಿಯಲ್ಲಿ ಹೋಗಬೇಕಿತ್ತು, ಇಲ್ಲವೆ ಸುತ್ತು ಹಾಕಬೇಕಿತ್ತು. ಎರಡು ಸಾವಿರದ ಹತ್ತರ ದಶಕದಲ್ಲಿ ಅಲ್ಲಿ ಸೇತುವೆಯಾಯಿತು. ಶಾಲೆಗೆ ಹೋಗುವ ಮಕ್ಕಳಿಗೆ, ಬಂದರಿನ ಕೆಲಸಕ್ಕೆ ಹೋಗುವವರಿಗೆ ಅದೆಂಥ ಅನುಕೂಲವೆಂದು ಹೇಳಬೇಕಿಲ್ಲ. ಅದರ ಜೊತೆಗೆ ಭಾನುವಾರದ ಕಾರುಗಳೂ ಬಂದವು. ಸದ್ದಿಲ್ಲದ ಪಡುಕೆರೆ ಬೇಕೆನ್ನುವವರು ಈಗ ವಾರದ ನಡುವೆ, ಬೆಳಗಿನ ಆರು ಗಂಟೆಗೆ ಹೋಗಬೇಕು.

ಮಲ್ಪೆಯಿಂದ ಬಡಗಿಗೆ ತೊಟ್ಟಂ, ಹೂಡೆ ದಾಟಿ ಕೋಡಿ ಬೆಂಗ್ರೆಗೆ ಸುಮಾರು ಹನ್ನೆರಡು ಕಿಲೋಮೀಟರು. ಕೊನೆಯ ಭಾಗದಲ್ಲಿ ಸುವರ್ಣಾ ನದಿ ಬಲಗಡೆಯಿಂದ ಹತ್ತಿರ ಹತ್ತಿರ ಬರುತ್ತದೆ. ಅದರಲ್ಲಿ ತೆಂಗು ತುಂಬಿದ ಕುದ್ರುಗಳು. ತುದಿಗೆ ಬಂದಾಗ ಸುವರ್ಣಾ, ಸೀತಾ ಎರಡೂ ಹೊಳೆಗಳು ಕೂಡಿ ಕಡಲಿಗೆ ಬೀಳುವುದು ಕಾಣುತ್ತದೆ. ಎದುರು ದಡದಲ್ಲಿ ಹಂಗಾರಕಟ್ಟೆ. ಹದಿನಾಲ್ಕನೆಯ ಶತಮಾನದಲ್ಲಿ ಇಬನ್ ಬತೂತ ಫಾಕನೂರು ಎಂದು ಕರೆದ ಬಾರಕೂರಿಗೆ ಹಡಗುಗಳು ಬರುತ್ತಿದ್ದುದು ಈ ಅಳಿವೆಯಿಂದಲೇ. ನೋಡಿದರೆ ಕೂಗಿದರೆ ಕೇಳುವಷ್ಟು ಹತ್ತಿರ, ರಸ್ತೆಯಲ್ಲಿ ಬ್ರಹ್ಮಾವರ ಸುತ್ತಿ ಹೋದರೆ ಸುಮಾರು ಮೂವತ್ತು ಕಿಲೋಮೀಟರು.

ದೋಣಿ ಸಿಕ್ಕಿದರೆ ಸೈಕಲ್ಲನ್ನೂ ಏರಿಸಿಕೊಂಡು ದಾಟಬಹುದು. ಇಲ್ಲಿ ಸೈಕಲ್ಲಿನ ಒಂದು ಗುಣ ಗೊತ್ತಾಗುತ್ತದೆ: ಕಾರಿನಿಂದ ಆಗದ್ದು, ಬೈಕಿನಿಂದ ಕಷ್ಟವಾದದ್ದು ಇದಕ್ಕೆ ಸಲೀಸು. ಹೆಗಲ ಮೇಲೆ ಎತ್ತಬಹುದಾದ ವಾಹನ ಇದೊಂದೇ ಅಲ್ಲವೆ? ಹೀಗೆ ರಸ್ತೆಯ ತುಂಡು, ದೋಣಿ, ಮತ್ತೆ ರಸ್ತೆಯ ತುಂಡು ಎಂದು ಜೋಡಿಸುತ್ತ ಹೋದರೆ ಹೆದ್ದಾರಿಯನ್ನು ಮುಟ್ಟದೆ ಬಹುದೂರ ಹೋಗಬಹುದು.

ಹಂಗಾರಕಟ್ಟೆಯಿಂದ ಮುಂದೆ ಕೋಟ ಸೀಮೆಯ ಕಡಲಂಚು. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯ ಕುಟುಂಬ ಬದುಕಿದ್ದು ಇಂಥ ಹೊಯ್ಗೆಯ ಮೇಲೆಯೇ. ಕುಂದಾಪುರದ ಕೋಡಿಯಲ್ಲಿ ಮತ್ತೆ ಅಳಿವೆ. ಐದು ಹೊಳೆಗಳು ಕೂಡುವ ಪಂಚಗಂಗಾವಳಿ, ಆಚೆ ಗಂಗೊಳ್ಳಿ. ದಾಟುವುದಕ್ಕೆ ಕೆಲವೇ ನಿಮಿಷ, ಹೆಮ್ಮಾಡಿ, ತ್ರಾಸಿ ಸುತ್ತಿ ಬಂದರೆ ಅರ್ಧ ಬೆಳಿಗ್ಗೆ.

ನಾನು ಬರೆದದ್ದು ತೆಂಕಿನಿಂದ ಬಡಗಿಗೆ. ತುಳಿಯುವವರು ಬಡಗಿನಿಂದ ತೆಂಕಿಗೆ ಬರುವುದು ಜಾಣತನ. ಬೆಳಗಿನ ಹೊತ್ತು ನೆಲದ ಕಡೆಯಿಂದ ತೆಳುಗಾಳಿ ಇರುತ್ತದೆ. ನೆಲ ಕಾದು ಹೊತ್ತೇರಿದಂತೆ ಕಡಲಗಾಳಿ ಏಳುತ್ತದೆ, ಅದು ಬೇಸಿಗೆಯ ಮಧ್ಯಾಹ್ನಗಳಲ್ಲಿ ಬಹಳವಾಗಿ ವಾಯುವ್ಯದಿಂದ. ಎದೆಗೆ ಹೊಡೆಯುವ ಗಾಳಿಗಿಂತ ಬೆನ್ನಿಗೆ ಬರುವ ಗಾಳಿ ಒಳ್ಳೆಯದು. ನವೆಂಬರಿನಿಂದ ಫೆಬ್ರವರಿಯ ತನಕ ಒಳ್ಳೆಯ ಕಾಲ. ಜೂನಿನಿಂದ ಅಳಿವೆ ದಾಟುವ ಯೋಚನೆ ಬೇಡ. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ಸೈಕಲ್ ತೊಳೆದು ಚೈನಿಗೆ ಎಣ್ಣೆ ಬಿಡದಿದ್ದರೆ ಉಪ್ಪು ತನ್ನ ಕೆಲಸ ಮಾಡುತ್ತದೆ.

ಬೈಂದೂರು, ಶಿರೂರು ದಾಟಿ ಉತ್ತರ ಕನ್ನಡ ಹೊಕ್ಕ ಮೇಲೆ ನೆಲದ ಗುಣವೇ ಬೇರೆ. ಘಟ್ಟದ ಕವಲುಗಳು ಕಡಲಿಗೇ ಬಂದು ಮುಗಿಯುತ್ತವೆ. ಉದ್ದನೆಯ ಸಮತಟ್ಟು ಹಾದಿಗಳು ಕಡಿಮೆ, ಕೆಂಪುಕಲ್ಲಿನ ಗುಡ್ಡ ಏರುವುದು, ಇಳಿಯುವುದೇ ಹೆಚ್ಚು. ಆದರೂ ಒಂದು ದಾರಿಯನ್ನು ಬಿಡಬಾರದು. ಗೋಕರ್ಣದಿಂದ ತದಡಿಗೆ ಇಳಿದು, ದೋಣಿಯಲ್ಲಿ ಆಚೆಯ ಅಘನಾಶಿನಿ ಊರಿಗೆ ದಾಟಿ, ಬಾಡದ ಮೇಲಿಂದ ಕುಮಟಾ ಸೇರುವುದು. ದೊಡ್ಡ ಅಣೆಕಟ್ಟು ಇಲ್ಲದೆ ಕಡಲು ಮುಟ್ಟುವ ಕೆಲವೇ ಹೊಳೆಗಳಲ್ಲಿ ಅಘನಾಶಿನಿಯೂ ಒಂದು. ಇಳಿತದ ಹೊತ್ತಿಗೆ ಹೋದರೆ ಮೊಳಕಾಲು ನೀರಿನಲ್ಲಿ ಬಗ್ಗಿ ಚಿಪ್ಪು ಆರಿಸುವವರನ್ನು ಕಾಣಬಹುದು. ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳೂ ಇದರ ದಡದಲ್ಲೇ. ಈ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗು ತಾಣದ ಪಟ್ಟ ಬಂತು.

ಈ ದಾರಿಗಳು ಹೀಗೇ ಇರಲಿ ಎಂದು ಹಾರೈಸುವುದು ಸುಲಭ, ಹಾಗೆ ಹೇಳಲು ನನಗೆ ಮಾತ್ರ ಸಂಕೋಚ. ಸೈಕಲ್ಲಿನವರಿಗೆ ನೆಮ್ಮದಿ ಕೊಡುವ ಅದೇ ಹೊಳೆ ಅಲ್ಲಿಯವರಿಗೆ ರಾತ್ರಿ ಹೊತ್ತು ಹೆರಿಗೆ ನೋವು ಬಂದಾಗ ಅಡ್ಡ ನಿಲ್ಲುತ್ತದೆ. ಸೇತುವೆ ಕೇಳುವವರು ತಪ್ಪು ಕೇಳುತ್ತಿಲ್ಲ. ಆದರೆ ಸೇತುವೆಯ ಬೆನ್ನಿಗೆ ರಸ್ತೆ ಅಗಲ ಮಾಡಲೇಬೇಕೆಂಬುದು ಬೇರೆ ಮಾತು. ಬೆಂಗ್ರೆ ಎಂದರೆ ಹೊಯ್ಗೆ. ಇಂದು ಇದ್ದಲ್ಲಿ ನಾಳೆ ಇರಬೇಕೆಂಬ ನಿಯಮ ಅದಕ್ಕಿಲ್ಲ. ಪ್ರತಿ ಮಳೆಗಾಲದಲ್ಲೂ ಕಡಲ್ಕೊರೆತದ ಸುದ್ದಿ ಬರುತ್ತದೆ, ಬಂಡೆಕಲ್ಲುಗಳ ತಡೆಗೋಡೆ ಇನ್ನಷ್ಟು ಉದ್ದವಾಗುತ್ತದೆ. ಗೋಡೆ ಕಟ್ಟಿದಲ್ಲಿ ಉಳಿದ ದಡದ ಲೆಕ್ಕವನ್ನು ಅಲೆಗಳು ಪಕ್ಕದ ಊರಿನಲ್ಲಿ ಚುಕ್ತಾ ಮಾಡಿಕೊಳ್ಳುವುದೂ ಉಂಟು. ಒಂದು ಕಾರು, ಒಂದು ಆಂಬ್ಯುಲೆನ್ಸ್, ಶಾಲೆಯ ಒಂದು ವ್ಯಾನು ಹೋಗುವಷ್ಟು ಅಗಲ ಸಾಕಾಗುವ ಕಡೆ ಅದಕ್ಕಿಂತ ಹೆಚ್ಚಿನ ಭಾರವನ್ನು ಈ ಹೊಯ್ಗೆಯ ಮೇಲೆ ಹೇರುವ ಮುನ್ನ ಅಲ್ಲಿಯವರನ್ನೇ ಕೂರಿಸಿ ಕೇಳಬೇಕು.

ಹೊರಡುವವರಿಗೆ ಇನ್ನೊಂದು ಮಾತು. ತದಡಿಯಾಗಲಿ ಕೋಡಿ ಬೆಂಗ್ರೆಯಾಗಲಿ, ದೋಣಿ ಇದೆಯೇ, ಸಂಜೆಯ ಕೊನೆಯದು ಎಷ್ಟು ಹೊತ್ತಿಗೆ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ. ತದಡಿಯಲ್ಲಿ ತಪ್ಪಿದರೆ ಮಾದನಗೇರಿ, ಮಿರ್ಜಾನು ಸುತ್ತಿಯೇ ಕುಮಟಾಕ್ಕೆ ಹೋಗಬೇಕು, ಅದೂ ಕತ್ತಲಲ್ಲಿ, ಹೆದ್ದಾರಿಯ ಮೇಲೆ.