ಶಾಯಿಯೋ, ಟೋನರೋ? ಪ್ರಿಂಟರ್ ಕೊಳ್ಳುವ ಮುನ್ನ

1977ರಲ್ಲಿ ಜಪಾನಿನ ಕ್ಯಾನನ್ ಪ್ರಯೋಗಾಲಯದಲ್ಲಿ ಶಾಯಿ ತುಂಬಿದ್ದ ಸಿರಿಂಜಿನ ಸೂಜಿಗೆ ಕಾದ ಸೋಲ್ಡರಿಂಗ್ ಐರನ್ ಆಕಸ್ಮಿಕವಾಗಿ ತಗುಲಿತು. ಕೂಡಲೇ ಸೂಜಿಯ ತುದಿಯಿಂದ ಶಾಯಿ ಚಿಮ್ಮಿತು. ಅದನ್ನು ಕಂಡ ಅಲ್ಲಿನ ಸಂಶೋಧಕ ಇಚಿರೊ ಎಂಡೊ ಅವರಿಗೆ ಬಬಲ್ ಜೆಟ್ ಎಂಬ ಇಂಕ್‌ಜೆಟ್ ಮುದ್ರಣದ ದಾರಿ ಹೊಳೆಯಿತು. ಕೂದಲೆಳೆಯಷ್ಟು ಸಣ್ಣ ರಂಧ್ರದಲ್ಲಿ ಶಾಯಿಯನ್ನು ಕ್ಷಣಮಾತ್ರ ಕಾಯಿಸಿದರೆ ಗುಳ್ಳೆ ಏಳುತ್ತದೆ, ಅದು ಹನಿಯನ್ನು ಕಾಗದದತ್ತ ತಳ್ಳುತ್ತದೆ. ಎಪ್ಸನ್ ಪ್ರಿಂಟರುಗಳಲ್ಲಿ ಗುಳ್ಳೆಯ ಕೆಲಸವನ್ನು ವಿದ್ಯುತ್ತಿಗೆ ಮಿಡಿಯುವ ಪೀಜೋ ಪದರ ಮಾಡುತ್ತದೆ.

ಲೇಸರ್ ಪ್ರಿಂಟರಿನಲ್ಲಿ ಶಾಯಿಯೇ ಇಲ್ಲ. 1938ರಲ್ಲಿ ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ತೋರಿಸಿದ ಸ್ಥಿರವಿದ್ಯುತ್ತಿನ ತಂತ್ರವೇ ಅದರ ಬುನಾದಿ. ಲೇಸರ್ ಕಿರಣ ಉರುಳೆಯ ಮೇಲೆ ಅಕ್ಷರದ ಅಚ್ಚನ್ನು ವಿದ್ಯುದಂಶದಲ್ಲಿ ಬರೆಯುತ್ತದೆ. ಟೋನರ್ ಎಂಬ ಪ್ಲಾಸ್ಟಿಕ್ ಪುಡಿ ಅದಕ್ಕೆ ಅಂಟಿ ಕಾಗದಕ್ಕೆ ಇಳಿಯುತ್ತದೆ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾವಿಗೆ ಕರಗಿ ಕೂರುತ್ತದೆ.

ಕೊಳ್ಳುವವರ ಆಯ್ಕೆ ನಿಂತಿರುವುದು ಈ ವ್ಯತ್ಯಾಸದ ಮೇಲೆಯೇ. ಶಾಯಿ ಒಣಗುತ್ತದೆ, ಪುಡಿ ಒಣಗುವುದಿಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದ ಇಂಕ್‌ಜೆಟ್‌ನ ರಂಧ್ರಗಳು ಕಟ್ಟಿಕೊಳ್ಳುತ್ತವೆ, ಅವನ್ನು ಸ್ವಚ್ಛಗೊಳಿಸಲು ಇನ್ನಷ್ಟು ಶಾಯಿ ವ್ಯರ್ಥವಾಗುತ್ತದೆ. ಹಾಗಾಗಿ ಅಪರೂಪಕ್ಕೆ ಕಪ್ಪುಬಿಳುಪು ಪುಟ ತೆಗೆಯುವವರಿಗೆ ಲೇಸರ್ ಲೇಸು. ಆದರೆ ಅದು ಕಾಯುವಾಗ ನೂರಾರು ವಾಟ್ ಎಳೆಯುತ್ತದೆ. ಮನೆಯ ಸಣ್ಣ ಯುಪಿಎಸ್‌ಗೆ ಅದನ್ನು ಜೋಡಿಸಬಾರದು. ಕರೆಂಟ್ ಕೈಕೊಡುವ ಊರಿನಲ್ಲಿ ಹತ್ತಿಪ್ಪತ್ತು ವಾಟ್ ಸಾಕೆನ್ನುವ ಇಂಕ್‌ಜೆಟ್ ಅನುಕೂಲ.

ಮುಖ್ಯವಾದದ್ದು ಪುಟದ ಲೆಕ್ಕ.

800 ರೂಪಾಯಿಯ ಕಾರ್ಟ್ರಿಜ್ 160 ಪುಟ ಕೊಟ್ಟರೆ ಪುಟಕ್ಕೆ 5 ರೂಪಾಯಿ ಬೀಳುತ್ತದೆ. ಇಂಕ್ ಟ್ಯಾಂಕ್ ಪ್ರಿಂಟರಿಗೆ ಸುರಿಯುವ 400 ರೂಪಾಯಿಯ ಶಾಯಿ ಬಾಟಲಿ 4,000 ಪುಟ ಕೊಟ್ಟರೆ ಕೇವಲ 10 ಪೈಸೆ. ಮಕ್ಕಳ ಪ್ರಾಜೆಕ್ಟ್, ಬಣ್ಣದ ಚಿತ್ರ, ಅಂಗಡಿಯ ಬಿಲ್ಲು ಎಂದು ವಾರವೂ ಮುದ್ರಿಸುವವರಿಗೆ ಇಂಕ್ ಟ್ಯಾಂಕ್ ಪ್ರಿಂಟರಿನ ಹೆಚ್ಚಿನ ಬೆಲೆ ಬೇಗ ವಸೂಲಾಗುವುದು ಇದರಿಂದಲೇ. ಡಬ್ಬದ ಮೇಲಿನ ಪುಟಸಂಖ್ಯೆ ಐಎಸ್ಒ ಮಾನದಂಡದ ಪರೀಕ್ಷಾ ಪುಟಗಳದ್ದು. ಪುಟ ತುಂಬ ಫೋಟೊ ಮುದ್ರಿಸಿದರೆ ಅಷ್ಟು ಸಿಗದು.

ಪ್ರಿಂಟರಿನ ಜೊತೆಗೇ ಬರುವ ಸ್ಕ್ಯಾನರನ್ನೂ ಕಡೆಗಣಿಸುವಂತಿಲ್ಲ. ಪಹಣಿ, ಆಧಾರ್‌ನಂಥ ದಾಖಲೆಗೆ 300 ಡಿಪಿಐ ಸಾಕು. ಕಟ್ಟುಗಟ್ಟಲೆ ಕಾಗದ ನಕಲು ಮಾಡುವ ಲೆಕ್ಕಪರಿಶೋಧಕರ ಅಥವಾ ವಕೀಲರ ಕಚೇರಿಗೆ ಹಾಳೆಯನ್ನು ತಾನೇ ಎಳೆದುಕೊಳ್ಳುವ ಎಡಿಎಫ್ ಬೇಕು, ಎರಡೂ ಬದಿ ಮುದ್ರಿಸುವ ಡ್ಯೂಪ್ಲೆಕ್ಸ್ ಇದ್ದರೆ ಕಾಗದ ಅರ್ಧಕ್ಕೆ ಇಳಿಯುತ್ತದೆ.

ಅಂಗಡಿಗೆ ಹೋಗುವ ಮುನ್ನ ಕಳೆದ ಮೂರು ತಿಂಗಳಲ್ಲಿ ಎಷ್ಟು ಪುಟ ಮುದ್ರಿಸಿದಿರಿ, ಅದರಲ್ಲಿ ಬಣ್ಣದವು ಎಷ್ಟು ಎಂದು ಬರೆದುಕೊಳ್ಳಿ. ಬೆಲೆಪಟ್ಟಿಯಲ್ಲಿ ಪ್ರಿಂಟರಿಗಿಂತ ಮೊದಲು ಅದರ ಶಾಯಿಯ ಬೆಲೆ ನೋಡಿ.